ಮಲಗಿದ್ದವನನ್ನು ಎತ್ತಿಕೊಂಡು ಹೋದವಳಿಗೆ

ತಂಗೀ,

ಕ್ಷೇಮ ಕೇಳುವಷ್ಟು ಮನಸ್ಸು ಇನ್ನೂ ತಿಳಿಯಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಮಗ ಮಲಗುವುದೇ ಇಲ್ಲ, ನಿದ್ದೆಗೆ ಕಣ್ಣು ಎಳೆದರೂ ಎದ್ದು ಕೂತು ಕಿರುಚುತ್ತಾನೆ ಎಂದು ನಿನ್ನೆ ಫೋನಿನಲ್ಲಿ ನೀನು ದೂರಿದೆ. "ನೀನೇ ಮುದ್ದು ಮಾಡಿ ಹಾಳು ಮಾಡಿದ್ದು ಅಕ್ಕಾ. ಎರಡೂವರೆ ವರ್ಷಕ್ಕೇ ಇಷ್ಟು ಹಟ" ಅಂದೆ. ಎದುರಿಗೆ ರವಿಕೆಯ ಅಳತೆ ಕೊಡಲು ಗಿರಾಕಿ ನಿಂತಿದ್ದಳು, ಫೋನ್ ಇಟ್ಟುಬಿಟ್ಟೆ. ಈಗ ಹೇಳುತ್ತೇನೆ, ಕೇಳು.

ನಿನ್ನ ಕೆಲಸ ದೂರದ ಊರಿಗೆ ಬಿದ್ದಾಗ ಹಸುಗೂಸನ್ನು ನನ್ನ ಮಡಿಲಿಗೆ ಹಾಕಿ ಹೋದೆ. ನನ್ನ ಹೊಲಿಗೆ ಮಿಷನ್ನಿನ ಕಾಲು ಹಿಡಿದೇ ಅವನು ಎದ್ದು ನಿಂತದ್ದು. ಪಕ್ಕದ ಮನೆಯ ಮಗು ಓಡುವಾಗ ಇವನಿನ್ನೂ ತೆವಳುತ್ತಿದ್ದ. ನಾನು ಅವಸರ ಮಾಡಲಿಲ್ಲ. ಹಿಡಿಯಲು ಬರಲಿ ಎಂದು ಚಿಂದಿ ಬಟ್ಟೆಯ ಬುಟ್ಟಿಯನ್ನು ದಿನಾ ಒಂದು ಚೂರು ದೂರ ಇಡುತ್ತಿದ್ದೆ, ಅಷ್ಟೇ. ದಾರಕ್ಕೆ 'ದಾಯ' ಅಂದರೆ ತಿದ್ದದೆ, "ಹೌದು ಪುಟ್ಟಾ, ಕೆಂಪು ದಾರ" ಅನ್ನುತ್ತಿದ್ದೆ. ಅಂಗಡಿಗೆ ಹೊರಟರೆ ಮುಖ ನೋಡಿ ಹೇಳಿಯೇ ಹೊರಡುತ್ತಿದ್ದೆ. ಅಳುತ್ತಿದ್ದ, ಅಳಲಿ ಅಂದುಕೊಳ್ಳುತ್ತಿದ್ದೆ. ಕಣ್ಣು ತಪ್ಪಿಸಿ ನುಸುಳಿ ಹೋಗಲಿಲ್ಲ. ಹೋದವಳು ಬಂದೇ ಬರುತ್ತಾಳೆ ಅನ್ನುವುದು ಅವನಿಗೆ ಹಾಗೆ ಗೊತ್ತಾಯಿತು.

ಅವನಿಗೆ ಎರಡು ವರ್ಷ ತುಂಬಿದ ಮೇಲೆ ನೀನೂ ನಿನ್ನ ಗಂಡನೂ ಬಂದಿರಿ. ನಿನ್ನ ಮಗ, ಕರೆದುಕೊಂಡು ಹೋಗಬೇಕಾದದ್ದೇ. ಒಂದು ವಾರ ಇಲ್ಲೇ ಇರಿ, ನಿಮ್ಮ ಕೈಗೆ ಒಗ್ಗಿಕೊಳ್ಳಲಿ ಎಂದು ಬೇಡಿಕೊಂಡೆ. ನಿನ್ನ ಗಂಡ ಕಾರಿನ ಕೀಲಿ ತಿರುಗಿಸುತ್ತಾ, "ಮಕ್ಳಿಗೇನು ನೆನಪಿರುತ್ತೆ, ನಾಲ್ಕು ದಿನಕ್ಕೆ ಮರೀತಾವೆ" ಅಂದರು. ನೀನೋ, "ಎಚ್ಚರ ಇದ್ರೆ ರಂಪ ಮಾಡ್ತಾನೆ, ಮಲಗಿರುವಾಗ್ಲೇ ಎತ್ಕೊಂಡು ಹೋಗ್ತೀವಿ" ಅಂದೆ. ಮಧ್ಯಾಹ್ನ ನನ್ನ ತೊಡೆಯ ಮೇಲೆ ನಿದ್ದೆ ಹೋದ ಕೂಸು ಗುರುತಿಲ್ಲದ ಕೋಣೆಯಲ್ಲಿ ಕಣ್ಣು ಬಿಟ್ಟಿತು.

ನಿದ್ದೆ ಮಾಡಿದರೆ ಮನೆಯೇ ಮಾಯವಾಗುತ್ತದೆ ಎಂದು ಅವನಿಗೆ ಕಲಿಸಿದವರು ನೀವು. ಆ ಹೆದರಿಕೆಗೆ ಹಟ ಎಂದು ಹೆಸರಿಡಬೇಡ. ಬುದ್ಧಿ ಬರಲೆಂದು ಕತ್ತಲೆ ಕೋಣೆಯಲ್ಲಿ ಒಬ್ಬನನ್ನೇ ಬಿಡುತ್ತೀರಂತೆ. ಅದನ್ನು ಇವತ್ತೇ ನಿಲ್ಲಿಸಿ.

ಹೋದ ತಿಂಗಳು ತಡೆಯಲಾರದೆ ನಿಮ್ಮ ಮನೆಗೆ ಬಂದೆನಲ್ಲ, ಓಡಿ ಬರುತ್ತಾನೆಂದು ಬಾಗಿಲಲ್ಲೇ ಕುಕ್ಕರಿಸಿ ಕೈ ಚಾಚಿದ್ದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. "ನೋಡಿದ್ಯಾ, ಮರೆತೇಬಿಟ್ಟಿದ್ದಾನೆ" ಎಂದು ನೀನು ನಕ್ಕೆ. ಮರೆತಿರಲಿಲ್ಲ ಕಣೇ. ಗುರುತಿಲ್ಲದವರ ಮೇಲೆ ಯಾವ ಮಗುವೂ ಹಾಗೆ ಮುನಿಸಿಕೊಳ್ಳುವುದಿಲ್ಲ. ಅವನ ಪಾಲಿಗೆ, ಹೇಳದೆ ಕೇಳದೆ ಬಿಟ್ಟುಕೊಟ್ಟವಳು ನಾನು.

ಇವತ್ತಿನಿಂದ ಅವನ ಪಕ್ಕದಲ್ಲಿ ಮಲಗು. ಎದ್ದಾಗ ಕಣ್ಣಿಗೆ ನೀನು ಬೀಳಬೇಕು. ನಿದ್ದೆ ಕೂಡಲೇ ಬರುವುದಿಲ್ಲ; ಬೈಯದೆ ಕಾಯುತ್ತಿರು. ನೀನು ಬೇಡವೆಂದರೂ ಭಾನುವಾರ ಬರುತ್ತೇನೆ. ಅವನು ಬೆನ್ನು ತಿರುಗಿಸಿದರೆ ಅಲ್ಲೇ ನೆಲದ ಮೇಲೆ ಕೂತಿರುತ್ತೇನೆ. ನನ್ನ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕು ಅವನಿಗಿದೆ. ನಿನಗಿಲ್ಲ.

ಮಗುವಿಗೆ ಒಳ್ಳೆಯದಾಗಲಿ. ನಿನಗೂ ಆಗಲಿ ಅನ್ನುವುದಕ್ಕೆ ನನಗೆ ಇನ್ನೂ ಸ್ವಲ್ಪ ದಿನ ಬೇಕು.

ನಿನ್ನ ಅಕ್ಕ