ಕಾಶಮ್ಮ ಕೂತು ನೋಡಿದ ಜಾಗ

೨೧ ನವೆಂಬರ್ ೨೦೦೩, ಶುಕ್ರವಾರ

ಕಾಶಮ್ಮನಿಗೆ ಇವತ್ತೂ ಹೇಳಲಾಗಲಿಲ್ಲ.

ಅವರ ಗಂಡನನ್ನು ಕೂರಿಸಿ ಮಣ್ಣು ಮಾಡಿದ ದಿನ, ಪಕ್ಕದ ಜಾಗ ನಿಮಗೇ ಎಂದು ಮಾತು ಕೊಟ್ಟವನು ನಾನು. ನಾನೇ ನೋಡಿಕೊಳ್ಳುವ ರುದ್ರಭೂಮಿಯ ರಿಜಿಸ್ಟರಿನಲ್ಲಿ ಮಾತ್ರ ಬರೆಯಲಿಲ್ಲ. ಬರೆಯದ್ದು ಲೆಕ್ಕಕ್ಕಿಲ್ಲ ಎಂದು ಊರಿಗೆಲ್ಲ ಹೇಳುವವನೂ ನಾನೇ. ಮೂರು ತಿಂಗಳ ಹಿಂದೆ, ಖಾಲಿ ಇದೆಯೆಂದು ನೋಡಿ, ಇಂದಿರಾನಗರದ ಒಬ್ಬರ ತಾಯಿಯನ್ನು ಮಣ್ಣು ಮಾಡಲು ಅದನ್ನೇ ಕೊಟ್ಟೆ. ಅವರಿನ್ನೂ ಗದ್ದುಗೆ ಕಟ್ಟಿಸಿಲ್ಲ; ಮೇಲೆ ಹುಲ್ಲು ಬಂದಿದೆ.

ಕಾಶಮ್ಮ ಸೋಮವಾರ ಆಪರೇಷನ್ನಿಗೆ ಸೇರಬೇಕಂತೆ. "ಅದಕ್ಕ ಮೊದಲ ಒಮ್ಮೆ ಕುಂತು ನೋಡ್ತೀನಿ ತಮ್ಮಾ," ಎಂದವರೇ ಆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಏಳಿ ಎನ್ನಬೇಕಿತ್ತು. "ಇಲ್ಲಿ ಬಿಸಿಲು ಬೀಳಲ್ಲಮ್ಮ," ಎಂದೆ.

"ಆವಾಗ ಬಿಸಲು ತಗೊಂಡು ನಾ ಏನು ಮಾಡ್ಲಿ," ಎಂದು ನಕ್ಕರು. ಒಂದು ಕೈ ಗಂಡನ ಗದ್ದುಗೆಯ ಮೇಲಿಟ್ಟು, ಇನ್ನೊಂದರಲ್ಲಿ ಮಣ್ಣು ಒತ್ತಿ ನೋಡಿದರು. "ನೆಲ ಮೆತ್ತಗದ. ಅಗಿಯೋರಿಗೆ ತ್ರಾಸಿಲ್ಲ."

"ಇಲ್ಲಮ್ಮ," ಎಂದೆ.

ಭಾನುವಾರ ಬೈಯಪ್ಪನಹಳ್ಳಿಗೆ ಅವರ ಮನೆಗೇ ಹೋಗಿ ಹೇಳಬೇಕು. ಅಥವಾ ಆಪರೇಷನ್ ಆಗಲಿ ಎಂದು ಕಾಯಬಹುದು. ಆಮೇಲೆ ಹೇಳುವ ಅಗತ್ಯವೇ ಬೀಳದೆ ಹೋದರೆ… ಇದನ್ನು ಬರೆಯುವುದಿಲ್ಲ.