ಅಕ್ರೋಟದ ಬೆನ್ನಿನ ಗಿಟಾರು

ಮನೆಯಿಂದ,
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಬಿಸಿನೀರಿನ ಚೀಲ ಇಟ್ಟುಕೋ ಎಂದರೆ ಇಟ್ಟುಕೊಳ್ಳುವವಳಲ್ಲ ನೀನು, ಆದರೂ ಹೇಳುವುದು ತಮ್ಮನ ಹಕ್ಕು. ನಾನು ಸೌಖ್ಯ. ನಿನ್ನ ತಮ್ಮನ ಹೆಂಡತಿ ಸೌಖ್ಯಕ್ಕಿಂತ ಒಂದು ಕೂದಲು ಕಡಿಮೆ. ಹಾಸಿಗೆಯಲ್ಲಿ, ಸಕ್ಕರೆ ಡಬ್ಬಿಯಲ್ಲಿ, ಅವಳ ಕನ್ನಡಕದ ಮೇಲೆ, ಎಲ್ಲೆಲ್ಲೂ ಮರದ ಪುಡಿ. “ನಾನು ಮದುವೆಯಾಗಿದ್ದು ನಿಮ್ಮನ್ನೋ ಗರಗಸಾನೋ?” ಎಂದು ಮೊನ್ನೆ ಕೇಳಿದಳು. “ಗರಗಸ ಇದ್ದರೇನೇ ಸರಸ” ಎಂದು ನಾನೊಂದು ಪ್ರಾಸ ಕಟ್ಟಿದೆ. ಅವಳು ಪೊರಕೆ ತಂದು ಕೈಗೆ ಕೊಟ್ಟಳು.

ಇನ್ನು ತಡೆದುಕೊಳ್ಳಲಾರೆ, ಸುದ್ದಿ ಹೇಳಿಬಿಡುತ್ತೇನೆ. ಅಕ್ಕಾ, ನಿನ್ನ ಗಿಟಾರು ಮುಗಿಯಿತು! ಹೌದು, ನಿನ್ನದೇ. ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದೆ. ಹೋದ ವರ್ಷ ನೀನು ಬರೆದಿದ್ದೆಯಲ್ಲ, ನೀನು ಬ್ಯಾಂಡಿನಲ್ಲಿ ಬಾರಿಸುವ ಹೋಟೆಲಿನ ಹಾಲ್‌ನಲ್ಲಿ ಸ್ಯಾಕ್ಸೊಫೋನು, ಪಿಯಾನೊ ಶುರುವಾದರೆ ನಿನ್ನ ಗಿಟಾರು ನಿನಗೇ ಕೇಳಿಸುವುದಿಲ್ಲ, ಮೈಕ್ ಹತ್ತಿರ ಇಟ್ಟರೆ ಅದು ಕೀ ಎಂದು ಕಿರುಚುತ್ತದೆ ಎಂದು. ಆ ಪತ್ರ ಹಿಡಿದುಕೊಂಡು ನೇರವಾಗಿ ರಿಪೇರಿ ಮಾಮನ ಅಂಗಡಿಗೆ ಹೋದೆ. ನೀನು ಚಿಕ್ಕವಳಿದ್ದಾಗ ಮೆಟ್ಟಿಲ ಮೇಲಿಂದ ಬೀಳಿಸಿದ ಮೊದಲ ಗಿಟಾರಿಗೆ ಅಂಟು ಹಾಕಿಕೊಟ್ಟವರು ಅವರೇ. ಈಗಲೂ ಬಡಾಯಿ ಹಾಗೇ ಇದೆ, ಹಲ್ಲು ಮಾತ್ರ ಕಡಿಮೆ. “ಚಪ್ಪಟೆ ಗಿಟಾರು ಮನೇಲಿ ಹಾಡೋಕೆ ಕಣೋ. ಗುಂಪಿನಲ್ಲಿ ಕೇಳಿಸಬೇಕಾ? ಆರ್ಚ್‌ಟಾಪ್ ಬೇಕು. ಪಿಟೀಲಿನ ಥರ ಬೆನ್ನು-ಹೊಟ್ಟೆ ಎರಡೂ ಉಬ್ಬಿರಬೇಕು. ದಪ್ಪ ಹಲಗೇನ ಉಳಿಯಿಂದ ಕೆತ್ತೀ ಕೆತ್ತೀ ಮಾಡೋದು,” ಎಂದರು. ಎಷ್ಟು ಕಟ್ಟಿದ್ದೀರಿ ಎಂದೆ. “ಕಟ್ಟಿಲ್ಲ. ಅದಕ್ಕೇ ಆಸೆ ಇರೋದು,” ಎಂದರು. ಹೀಗೆ, ಒಂದನ್ನೂ ಕಟ್ಟದ ರಿಪೇರಿಯವರು ಒಬ್ಬರು, ಪ್ರೆಸ್ಸಿನಲ್ಲಿ ಊರವರ ತಪ್ಪೆಲ್ಲ ತಿದ್ದುವ ಪದವೀಧರ ಒಬ್ಬ, ಇಬ್ಬರೂ ಕೂಡಿ ಕೆಲಸಕ್ಕೆ ಇಳಿದೆವು.

ಮರ ಆರಿಸುವ ಸುಖವನ್ನು ಹೇಗೆ ಹೇಳಲಿ! ಹೊಟ್ಟೆಗೆ ಸ್ಪ್ರೂಸ್ ಬೇಕು, ಹಗುರ, ಆದರೆ ಗಟ್ಟಿ. ಗೆರೆಗಳು ನಾನು ಶಾಲೆಯಲ್ಲಿ ಹಾಕುತ್ತಿದ್ದ ಮಾರ್ಜಿನಿಗಿಂತ ನೇರ. ಬೆನ್ನಿಗೆ ಮೇಪಲ್, ಅದು ಬಿಗಿ ಮರ, ದನಿಯನ್ನು ಹಿಡಿದಿಟ್ಟುಕೊಳ್ಳದೆ ಮುಂದಕ್ಕೆ ಎಸೆಯುತ್ತದೆ. ಮರದ ಡಿಪೋದಲ್ಲಿ ಹಲಗೆಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಎತ್ತಿ, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಬೇಕು. ಸುಮಾರಿನ ಹಲಗೆ ‘ಥಪ್’ ಎನ್ನುತ್ತದೆ. ಒಳ್ಳೆಯದು ‘ಟಂಯ್’ ಎಂದು ಆಮೇಲೂ ಸ್ವಲ್ಪ ಹೊತ್ತು ಗುನುಗುತ್ತದೆ. ನಮ್ಮ ಸ್ಪ್ರೂಸ್ ಗುನುಗಿದಾಗ ಮಾಮ ಕಣ್ಣು ಮುಚ್ಚಿದರು, ಡಿಪೋದವನು ಅವರಿಗೇನೋ ಆಯಿತೆಂದು ನೀರು ತಂದ. ಅಂದಿನಿಂದ ನನಗೆ ತಟ್ಟುವ ಚಟ. ಬಾಗಿಲು, ಬೆಂಚು, ಆಫೀಸಿನ ಮೇಜು, ಏನನ್ನೂ ಬಿಟ್ಟಿಲ್ಲ. ಪಕ್ಕದ ಮನೆಯವರು ಎರಡು ಸಲ ಎದ್ದು ಬಂದು ಬಾಗಿಲು ತೆರೆದರು. “ನಿಮ್ಮ ತಲೆ ಒಂದು ತಟ್ಟಿ ನೋಡಿ, ಟೊಳ್ಳೋ ಗಟ್ಟಿಯೋ ತಿಳಿಯುತ್ತೆ,” ಎಂದಳು ನನ್ನವಳು.

ಆ ಪರೀಕ್ಷೆಯ ಫಲಿತಾಂಶವೂ ಬೇಗ ಬಂತು. ನೀನು ಎಡಗೈಯವಳು. ಇಷ್ಟು ವರ್ಷ ಬಲಗೈಯವರ ಗಿಟಾರನ್ನೇ ತಿರುಗಿಸಿ, ತಂತಿ ಅದಲುಬದಲು ಮಾಡಿ ಬಾರಿಸಿದ್ದೀಯ. ಈ ಸಲ ಹುಟ್ಟಿನಿಂದಲೇ ಎಡಗೈಯ ಗಿಟಾರು ಆಗಲಿ ಎಂಬುದು ನನ್ನ ಹಟ. ಕತ್ತಿನ ಪಕ್ಕದ ಒಂದು ಭುಜವನ್ನು, ಬಿಸ್ಕತ್ತು ಕಚ್ಚಿದ ಹಾಗೆ, ಒಳಕ್ಕೆ ಕತ್ತರಿಸುತ್ತಾರಲ್ಲ, ಕೈ ಕೊನೆಯ ಸ್ವರದ ಮನೆಗಳವರೆಗೂ ಹೋಗಲೆಂದು, ಆ ಕಚ್ಚು ನಿನ್ನ ಬಲಗೈ ಬರುವ ಕಡೆಗೆ ಇರಬೇಕು. ರಟ್ಟಿನಲ್ಲಿ ಆಕಾರ ಕತ್ತರಿಸಿದೆ. ಸ್ಪ್ರೂಸಿನ ಮೇಲಿಟ್ಟು ಗೆರೆ ಎಳೆದೆ. ಅದೇ ರಟ್ಟನ್ನು ಹಾಗೆಯೇ ಮೇಪಲ್ ಮೇಲಿಟ್ಟು ಗೆರೆ ಎಳೆದೆ. ಮಾಮ ನೋಡಿ “ಭೇಷ್” ಎಂದರು. ವಾರಗಟ್ಟಲೆ ಕೆತ್ತಿದೆವು, ಹೊರಗೆ ಉಬ್ಬು, ಒಳಗೆ ತಗ್ಗು, ಕೀಸುಳಿಯಿಂದ ಎಳೆಎಳೆಯಾಗಿ. ಮೇಪಲಿನ ಮೇಲೆ ಹುಲಿಯ ಪಟ್ಟೆಯಂಥ ಹೊಳಪು ಎದ್ದು ಬಂತು. ಒಂದು ಶನಿವಾರ ಹೊಟ್ಟೆ-ಬೆನ್ನು ಎರಡನ್ನೂ ಡಬ್ಬಿ ಮುಚ್ಚಿದ ಹಾಗೆ ಎದುರುಬದುರು ಹಿಡಿದೆವು. ಒಂದರ ಕಚ್ಚು ಈ ಕಡೆ, ಇನ್ನೊಂದರದು ಆ ಕಡೆ! ಬೆನ್ನಿಗೆ ರಟ್ಟನ್ನು ಮಗುಚಿ ಇಡಬೇಕಿತ್ತು, ಅಕ್ಕಾ. ಎರಡೂ ಎಡಗಾಲಿನ ಚಪ್ಪಲಿ ಹೊಲಿದು ಜೋಡಿ ಎಂದು ಕೂತಿದ್ದೆವು. ಉಬ್ಬು ಕೆತ್ತಿಯಾದ ಮೇಲೆ ಮಗುಚುವ ಹಾಗೂ ಇಲ್ಲ. ಮಾಮ ರಟ್ಟನ್ನು ಎತ್ತಿ ಒಮ್ಮೆ ಮಗುಚಿ ನೋಡಿದರು. ಆಮೇಲೆ, “ನೀನು ಓದಿದೋನು, ನೋಡ್ತೀಯ ಅಂದ್ಕೊಂಡೆ,” ಎಂದರು. “ನೀವು ಹಿರಿಯರು, ನೋಡ್ತೀರ ಅಂದ್ಕೊಂಡೆ,” ಎಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ನನ್ನ ಕಣ್ಣಲ್ಲಿ ನೀರಿತ್ತು, ಅದು ನಗುವಿನದ್ದಷ್ಟೇ ಅಲ್ಲ.

ಏಕೆಂದರೆ ಅದೇ ವಾರ ನಿನ್ನ ಇನ್ನೊಂದು ಪತ್ರ ಬಂದಿತ್ತು. ಮ್ಯಾನೇಜರು ರಿಸೆಪ್ಶನ್ ಡೆಸ್ಕಿನ ಕೆಲಸ ಕೊಡುತ್ತೇನೆ ಎಂದಿದ್ದಾರೆ, ಮಾರ್ಚ್ ೧೪ರ ಶುಕ್ರವಾರ ಸಹಿ ಹಾಕುತ್ತೀಯ, ಅಂದಿಗೆ ಗಿಟಾರು ಬಂದ್. “ಡೆಸ್ಕಿನಲ್ಲಿ ಕೂತರೆ ನನ್ನ ದನಿ ಯಾರಿಗಾದರೂ ಕೇಳಿಸುತ್ತೆ ಕಣೋ,” ಎಂದು ಬರೆದಿದ್ದೆ. ತಮಾಷೆಯ ಹಾಗೆ ಬರೆದಿದ್ದೆ. ನಾನು ಕರಡು ತಿದ್ದುವವನು, ಬರೆಯುವಾಗ ಕೈ ಎಲ್ಲಿ ತಡೆಯಿತು ಎಂದು ನನಗೆ ಕಾಣುತ್ತದೆ.

ಡಿಪೋಗೆ ಓಡಿದೆ. ಆ ಅಳತೆಯ ಒಣಗಿದ ಮೇಪಲ್ ಇಲ್ಲ. ಹಸಿ ಮರ ಕೆತ್ತಿದರೆ ನಾಳೆ ಸೊಟ್ಟಗಾಗುತ್ತದೆ. ಗೋಡೆ ಬದಿಯಲ್ಲಿ ಪೇಂಟಿನ ಡಬ್ಬಿಗಳನ್ನು ಹೊತ್ತು ನಿಂತಿದ್ದ ಕಂದು ಹಲಗೆಯೊಂದನ್ನು, ಚಟಕ್ಕೆ ಬಿದ್ದು, ತಟ್ಟಿದೆ. ಡಬ್ಬಿ ಹೊತ್ತುಕೊಂಡೇ ಅದು ಗುನುಗಿತು! ಅಕ್ರೋಟದ ಮರ. ಮಾಮ ಮೂಗು ಮುರಿದರು: “ಇದು ಮೇಪಲಿಗಿಂತ ಮೆತ್ತಗೆ ಕಣೋ. ದನಿ ಸಿಹಿಯಾಗುತ್ತೆ, ದೂರ ಹೋಗುತ್ತೋ ಇಲ್ವೋ ಗೊತ್ತಿಲ್ಲ.” ದೂರ ಹೋಗಲೆಂದೇ ಅಲ್ಲವೇ ಇಷ್ಟೆಲ್ಲ! ಆದರೂ ಕೈ ಕಟ್ಟಿ ಕೂರುವುದಕ್ಕಿಂತ ವಾಸಿ ಎಂದು ರಟ್ಟು ಮಗುಚಿದೆವು, ಮೂರು ಸಲ ನೋಡಿದೆವು, ನನ್ನವಳನ್ನೂ ಕರೆದು ತೋರಿಸಿದೆವು, ಆಮೇಲೆ ಉಳಿ ಮುಟ್ಟಿದೆವು. ಕಚೇರಿಗೆ ರಜೆ, ಮನೆಗೆ ಸಜೆ, ನನಗೆ ಮಜೆ. ನಿನ್ನೆ ತಂತಿ ಬಿಗಿದೆವು. ಉಬ್ಬು ಕುಸಿದೀತೆಂದು ಮಾಮ ತಂತಿಗಳನ್ನು ಹೊರುವ ಸೇತುವೆಯ ಪಕ್ಕ ಬೆರಳಿಟ್ಟುಕೊಂಡೇ ಕೂತಿದ್ದರು. ಕೂದಲೆಳೆಯಷ್ಟೂ ಕುಸಿಯಲಿಲ್ಲ. ಜೇನಿನ ಬಣ್ಣದ ಹೊಟ್ಟೆ, ಕಾಫಿಪುಡಿ ಬಣ್ಣದ ಬೆನ್ನು, ಪಿಟೀಲಿಗೆ ಇರುವಂಥ ಎರಡು ಸೀಳುಗಣ್ಣು. ನೋಡಿದರೆ ದೃಷ್ಟಿ ತಾಕಬೇಕು.

ಒಂದೇ ಕೊರತೆ. ಶ್ರುತಿ ಮಾಡಿದ್ದೇವೆ, ಬಾರಿಸಿಲ್ಲ. ನಾನು ಹಿಡಿದರೆ ಎಲ್ಲ ತಿರುವುಮುರುವು. ಮಾಮನ ಬೆರಳೂ ಒಪ್ಪಲಿಲ್ಲ. ಇದು ಗುಂಪಿನಲ್ಲಿ ಕೇಳಿಸುತ್ತದೋ ಇಲ್ಲವೋ, ಹೇಳಬಲ್ಲವರು ಈ ಊರಿನಲ್ಲಿ ಯಾರೂ ಇಲ್ಲ. ನಾಳೆ ಪಾರ್ಸೆಲ್ ಮಾಡುತ್ತೇನೆ.

ಮಾಮನ ಆಶೀರ್ವಾದ, ನನ್ನವಳ ನೆನಪುಗಳು, ಜೊತೆಗೆ ಈ ಮನೆಯ ಸಕಲ ಮರದ ಪುಡಿಯ ಪರವಾಗಿ ನಮಸ್ಕಾರ.

ನಿನ್ನ ತಲೆಹರಟೆ ತಮ್ಮ

ವಿ.ಸೂ.: ಗುರುವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಪಾರ್ಸೆಲ್ ಆಫೀಸಿನವನು ಪೆಟ್ಟಿಗೆಯನ್ನು ಒಂದು ಫ್ರಿಜ್ಜಿನ ಕೆಳಗೆ ಇಡಲು ಹೊರಟ. ಕಿತ್ತುಕೊಂಡು ಬಂದು, ಟಿಕೆಟ್ಟು ಸಿಕ್ಕಿದ ಕೂಡಲೇ, ನಿನ್ನೆ ರಾತ್ರಿ, ರೈಲು ಹತ್ತಿದೆ. ನಿಮ್ಮ ಹೋಟೆಲಿನ ಕೆಳಗಿನ ಹಾಲ್‌ನಲ್ಲಿ ಕೂತಿದ್ದೇನೆ. ಈ ಪತ್ರವನ್ನು ರೂಮ್ ಬಾಯ್ ಕೈಯಲ್ಲಿ ಮೇಲೆ ನಿನ್ನ ಕೋಣೆಗೆ ಕಳಿಸುತ್ತಿದ್ದೇನೆ. ಸ್ಯಾಕ್ಸೊಫೋನಿನವರು ಆಗಲೇ ಬಂದು ಅಭ್ಯಾಸ ಶುರು ಮಾಡಿದ್ದಾರೆ, ಅಬ್ಬಾ, ಏನು ಗಂಟಲು ಅದಕ್ಕೆ! ನಾನು ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂರುತ್ತೇನೆ. ನೀನು ಅವರ ಜೊತೆ ಒಂದೇ ಒಂದು ಬಾರಿಸು. ನನಗೆ ಕೇಳಿಸದಿದ್ದರೆ ನಾಳೆ ಧಾರಾಳವಾಗಿ ಸಹಿ ಹಾಕು, ಪೆನ್ನು ನಾನೇ ಕೊಡುತ್ತೇನೆ. ಬೇಗ ಇಳಿದು ಬಾ. ಎಡಗೈ ಖಾಲಿ ಇರಲಿ.