ಹಂಪಮ್ಮನ ಮೂಗಿನ ಕಾವಲು

ಸಂಡೂರು, ಎರಡನೆಯ ಬೇಸಿಗೆ ಕಳೆದ ಮೊದಲ ವಾರ, ೨೨೮೭

ನಮ್ಮ ಮುತ್ತಜ್ಜಿಯ ಮುತ್ತಜ್ಜಿಯರ ಕಾಲದವರೇ,

ಮೇಲಿನ ದಿನಾಂಕ ಕಂಡು ಯಾರೋ ಕುಚೋದ್ಯ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ನಾನು ಗಾದಿಲಿಂಗಮ್ಮ, ಇಲ್ಲಿನ ಉಸಿರುಶಾಲೆಯಲ್ಲಿ ಸಂಶೋಧಕಿ. ಮೂಗು, ಗಂಟಲು, ಶ್ವಾಸಕೋಶಗಳ ಕಾಯಿಲೆಗಳನ್ನು ಅಧ್ಯಯನ ಮಾಡುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಪ್ರಯೋಗದ ಫಲ ತಿಳಿದ ದಿನ, ಗೆದ್ದರೂ ಸೋತರೂ, ಎದುರಿಗಿಲ್ಲದ ಒಬ್ಬರಿಗೆ ಅದನ್ನು ಬರೆದು ತಿಳಿಸುವುದು ನಮ್ಮ ಶಾಲೆಯ ಪದ್ಧತಿ. ಹೆಚ್ಚಿನವರು ಮುಂದೆ ಹುಟ್ಟುವವರಿಗೆ ಬರೆಯುತ್ತಾರೆ. ನನಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ, ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ಹೇಳಿ ನಗುತ್ತಿದ್ದವರು ನೀವು. ಕೊನೆಗೆ ಮಾಡಿಯೂ ತೋರಿಸಿದಿರಿ. ಎರಡು ಸೀನು ಬಂದರೆ ಸಾಕು, ವೈದ್ಯರನ್ನು ಕೇಳದೆ ಔಷಧಿ ಅಂಗಡಿಗೆ ಹೋಗಿ, ಹೋದ ಸಲದ ಆ್ಯಂಟಿಬಯೋಟಿಕ್ ಮಾತ್ರೆಯನ್ನೇ ತಂದು ನುಂಗಿದಿರಿ. ಮೂಗಿನೊಳಗೆ ರೋಗಾಣುಗಳ ಜೊತೆಗೆ, ಅವುಗಳಿಗೆ ಜಾಗ ಬಿಡದೆ ಕೂತ ಒಳ್ಳೆಯ ಜೀವಿಗಳೂ ಇದ್ದವು. ಅವನ್ನು ನಾವು ಕಾವಲಣು ಎನ್ನುತ್ತೇವೆ. ಕಳ್ಳರಿಗೆ ಮದ್ದು ಅಭ್ಯಾಸವಾಗಿಹೋಯಿತು, ಕಾವಲಿನವರು ಸತ್ತರು. ನಿಮ್ಮ ಮೊಮ್ಮಕ್ಕಳು ಹೆದರಿ ಇನ್ನೂ ಮುಂದೆ ಹೋದರು. ನಲ್ಲಿನೀರಿಗೆ ಕ್ರಿಮಿ ಕೊಲ್ಲುವ ಮದ್ದು ಬೆರೆಸಿದರು, ಊರೂರಿಗೂ ಶುದ್ಧಿಮನೆ ಕಟ್ಟಿಸಿದರು. ಮದ್ದಿನ ಹಬೆ ತುಂಬಿದ ಕೋಣೆ ಅದು. ಮದುವೆಗೆ ಹೋಗುವ ಮುಂಚೆ, ಬಾಣಂತಿಯನ್ನು ನೋಡುವ ಮುಂಚೆ ಅಲ್ಲಿ ಕೂತು ಹಬೆ ಎಳೆದುಕೊಂಡು ಬರುವುದು ಈಗ ಮರ್ಯಾದೆ. ಇಷ್ಟೆಲ್ಲ ಮಾಡಿಯೂ ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಬಾಯಲ್ಲೇ ಉಸಿರಾಡುತ್ತವೆ. ವಾಸನೆಯೇ ಹತ್ತದ ನಮಗೆ ಸಾರು ಹೊತ್ತಿದ್ದು ಹೊಗೆ ಕಣ್ಣಿಗೆ ಕಂಡಮೇಲೆ ತಿಳಿಯುತ್ತದೆ. ಹೂವನ್ನು ಬಣ್ಣ ನೋಡಿ ಕೊಳ್ಳುತ್ತೇವೆ.

ನಮ್ಮಣ್ಣನ ಮಗಳು ಹುಲಿಗಿಗೆ ಒಂಬತ್ತು ವರ್ಷ. ಮೂಗಿನೊಳಗೆ ದುರ್ಮಾಂಸ ಬೆಳೆದು, ಕೆನ್ನೆ ಮತ್ತು ಹಣೆಯ ಮೂಳೆಯೊಳಗಿನ ಪೊಳ್ಳುಗಳಲ್ಲಿ, ನೀವು ಸೈನಸ್ ಎನ್ನುತ್ತಿದ್ದ ಜಾಗದಲ್ಲಿ, ಸದಾ ಕೀವು. ಈ ವರ್ಷ ಅದು ಎಡಗಣ್ಣಿನವರೆಗೆ ಬಂತು. ಶಸ್ತ್ರಚಿಕಿತ್ಸೆ ಮಾಡಿ ತೆಗೆದರೆ ಮತ್ತೆ ತುಂಬಿತು. ಇನ್ನೊಮ್ಮೆ ಹಬ್ಬಿದರೆ ಕಣ್ಣು ಉಳಿಯುತ್ತಿರಲಿಲ್ಲ. ಉಳಿದಿದ್ದು ಒಂದೇ ದಾರಿ. ಕಾವಲಣು ಇರುವ ಮೂಗಿನಿಂದ ಹತ್ತಿಕಡ್ಡಿಯಲ್ಲಿ ಅದನ್ನು ತೆಗೆದು, ಬೆಳೆಸಿ, ಹುಲಿಗಿಯ ಮೂಗಿಗೆ ಬಿಡುವುದು. ಸುತ್ತಲ ಊರುಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಹಂಪಮ್ಮನ ಮೂಗೊಂದೇ. ಗುಡ್ಡದ ಮೇಲಿನ ಅವಳ ಓಣಿಗೆ ನಲ್ಲಿ ಏರಿಲ್ಲ, ಮಳೆನೀರಿನ ತೊಟ್ಟಿಯಿಂದಲೇ ಜಳಕ. ಶುಚಿಗೆ ಹೆಸರಾದ ಮುದುಕಿ. ಅವಳ ಅಂಗಳದಲ್ಲಿ ಬಿದ್ದ ಅನ್ನ ಆರಿಸಿ ಉಣ್ಣಬಹುದು ಎನ್ನುತ್ತಾರೆ.

ಕೊಡುವ ದಿನ ಹೊಸ ಸೀರೆಯುಟ್ಟು ಬಂದಳು. ಕಡ್ಡಿಯಲ್ಲಿ ತೆಗೆದು ಬೆಳೆಸಲು ಇಟ್ಟೆವು. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಮತ್ತೆ ಕರೆದು ವಿಚಾರಿಸಿದಾಗ ಹೆಮ್ಮೆಯಿಂದಲೇ ಹೇಳಿದಳು: “ಕೂಸಿಗೆ ಕೊಡಾದು, ಎಂಜಲು ಕೊಟ್ಟಂಗ ಕೊಡಾಕ ಬರ್ತದೇನವ್ವ? ಶುದ್ಧಿಮನಿಗೆ ಹೋಗಿ ಬಂದಿದ್ದೆ.” ಜೀವಮಾನದಲ್ಲಿ ಆ ಮನೆಯ ಮೆಟ್ಟಿಲು ಹತ್ತದವಳು, ಮಗುವಿನ ಮೇಲಿನ ಮರ್ಯಾದೆಗಾಗಿ ಅಂದೇ ಹತ್ತಿದ್ದಳು. ಅವಳ ಮೈಯಿಂದ ಮದ್ದಿನ ವಾಸನೆ ಹೊಡೆಯುತ್ತಿದ್ದಿರಬೇಕು. ನಮ್ಮ ಶಾಲೆಯಲ್ಲಿ ಅದನ್ನು ಹಿಡಿಯಬಲ್ಲ ಮೂಗು ಯಾರಿಗಿತ್ತು?

ಮೂಗಿನ ಆಳದಲ್ಲಿ ನಾಲ್ಕಾರು ಕಾವಲಣು ಉಳಿದಿದ್ದರೆ ಮತ್ತೆ ಹಬ್ಬಬಹುದಿತ್ತು, ಮದ್ದು ಸೋಕದಿದ್ದರೆ ಮಾತ್ರ. ಆದರೆ ಈ ವರ್ಷ ಅವಳ ತೊಟ್ಟಿ ಬತ್ತಿ, ಕುಡಿಯುವಷ್ಟೇ ನೀರು ಉಳಿದಿತ್ತು. ನಲ್ಲಿನೀರು ಮುಟ್ಟುವಂತಿಲ್ಲ. ಮಳೆ ಬರುವವರೆಗೆ ಜಳಕವಿಲ್ಲ ಎಂದಾಯಿತು. ಹಂಪಮ್ಮ ಒಪ್ಪಿದಳು. ತಲೆ ಜಡೆಗಟ್ಟಿತು, ಕತ್ತಿನಲ್ಲಿ ಕೊಳೆ ಕೂತಿತು. ನಾತ ಯಾರಿಗೂ ಬರದಿದ್ದರೂ ಜಿಡ್ಡು ಕಣ್ಣಿಗೆ ಕಾಣುತ್ತದಲ್ಲ. ತಂಗಿಯ ಮೊಮ್ಮಗಳ ಮದುವೆಯಲ್ಲಿ ಅವಳನ್ನು ಹಂದರದ ಹೊರಗೆ ಕೂರಿಸಿ ಉಣ್ಣಲಿಕ್ಕಿದರು. ಬೇಸಿಗೆಯ ನಡುವೆ ಇನ್ನೊಮ್ಮೆ ಕಡ್ಡಿ ಹಾಕಿದೆವು. ಈ ಸಲ ಬೆಳೆಯಿತು. ಹುಲಿಗಿಗೆ ಬಿಟ್ಟು ಕಾದೆವು. ಮತ್ತೆ ಬೇಕಾದೀತೆಂದು ಹಂಪಮ್ಮನೂ ಹಾಗೇ ಕಾದಳು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ವೈದ್ಯರು ನೋಡಿ ಬರೆದುಕೊಟ್ಟ ಮಾತ್ರೆ ಬಿಡಿ ಎನ್ನುತ್ತಿಲ್ಲ, ಅದನ್ನು ಹೇಳಿದಷ್ಟು ದಿನ ನುಂಗಿ. ತಾನೇ ಹೋಗುವ ನೆಗಡಿಯನ್ನು ಹೋಗಲು ಬಿಡಿ. ಸಂಶೋಧನೆಗೆಂದು ಯಾರಾದರೂ ಹತ್ತಿಕಡ್ಡಿ ಹಿಡಿದು ಬಂದರೆ ನಾಚದೆ, ಇದ್ದ ಹಾಗೇ ಮೂಗು ಕೊಡಿ. ನಾವು ಗುಡ್ಡ ಹತ್ತಿ ಹುಡುಕಿದ್ದು ನಿಮ್ಮ ಮೂಗಿನಲ್ಲಿ ಪುಕ್ಕಟೆ ಕೂತಿದೆ.

ಬರುತ್ತೇನೆ ಎನ್ನುವ ಮುಂಚೆ ಫಲ ಹೇಳಬೇಕು. ಹುಲಿಗಿಯ ಕೀವು ಇಂಗಿದೆ, ಕಣ್ಣು ಉಳಿದಿದೆ. ಈ ಬೆಳಿಗ್ಗೆ ಹಂಪಮ್ಮ ನೋಡಲು ಬಂದು ಅವಳನ್ನು ತಬ್ಬಿಕೊಂಡಳು. ಹುಡುಗಿ ಮುಖ ಸಿಂಡರಿಸಿ ಹಿಂದೆ ಸರಿದಳು. “ಅತ್ತಿ, ಈ ಅಜ್ಜಿ ಹತ್ರ ಏನೋ ಐತಿ. ಮೂಗಿನಾಗ ಬರಾಕತ್ತೈತಿ. ಚೊಲೋ ಇಲ್ಲ!” ಅದಕ್ಕೆ ನಾತ ಎನ್ನಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಅಳುತ್ತಲೇ ಹಂಪಮ್ಮನಿಗೆ ಹೇಳಿದೆ, ನಿನ್ನೆಯ ಮಳೆಗೆ ತೊಟ್ಟಿ ತುಂಬಿದೆ, ಇನ್ನು ಹೋಗಿ ತಲೆಗೆ ನೀರು ಹಾಕಿಕೊಳ್ಳಬಹುದು ಎಂದು. ಮುದುಕಿ ಜಾಗ ಬಿಟ್ಟು ಏಳಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ತಡಿಯವ್ವ,” ಎಂದಳು. “ಕೂಸು ಇನ್ನೊಂದು ಸಲ ಅನ್ಲಿ.”